ಜೀಪಿನ ಗಾಳಿ ಕಂಪ್ರೆಸರ್

ಜೀಪಿನ ಗಾಳಿ ಕಂಪ್ರೆಸರ್ : ಗುಜರಿಗೆ ಬಿದ್ದ ಕಾರು ಅಥವಾ ಲಾರಿಯಿಂದ ಬಿಚ್ಚಿದ ಕಂಪ್ರೆಸರನ್ನು ಫೋರ್ ವೀಲ್ ಜೀಪಿನ ಎಂಜಿನ್ನಿಗೆ ಬೆಲ್ಟು ಹಾಕಿ ಕಟ್ಟಿಕೊಂಡು, ಅದರಿಂದ ಟೈರಿಗೆ ಗಾಳಿ ತುಂಬುವ, ಗಾಳಿಯಿಂದ ನಡೆಯುವ ಸಲಕರಣೆ ನಡೆಸುವ ಏರ್ಪಾಡು. ತಾಂತ್ರಿಕ ಪದಕೋಶಗಳಲ್ಲಿ ಕಂಪ್ರೆಸರಿಗೆ ಸಂಪೀಡಕ ಎಂಬ ಹೆಸರಿದೆ. ಗ್ಯಾರೇಜಿನಲ್ಲಿ ಹಾಗೆಂದರೆ ಮೇಸ್ತ್ರಿ ನಮ್ಮ ಮುಖ ನೋಡಿಯಾನು. ಹೀಗೆ ಮರುಬಳಕೆಗೆ ಒದಗುವುದು ಬಹುಪಾಲು ಕಾರಿನ ಏಸಿ ಕಂಪ್ರೆಸರ್. ಮುಚ್ಚಿದ ಕೊಳವೆಯೊಳಗೆ ಒಂದೇ ಅನಿಲವನ್ನು ವರ್ಷಗಟ್ಟಲೆ ಸುತ್ತಿಸುತ್ತಿದ್ದ ಈ ಯಂತ್ರವನ್ನು ಬಯಲ ಗಾಳಿಗೆ ತೆರೆದಿಟ್ಟ ಕೂಡಲೇ ಅದರ ಎಣ್ಣೆ, ಬಿಸಿ, ನೀರು ಮೂರರ ಲೆಕ್ಕವೂ ತಪ್ಪುತ್ತದೆ. ಬ್ರಾಕೆಟ್ ಮಾಡಿಸಿ ಬೆಲ್ಟು ಹಾಕುವುದು ಒಂದೆರಡು ದಿನದ ಕೆಲಸ. ತಪ್ಪಿದ ಆ ಮೂರು ಲೆಕ್ಕಗಳನ್ನು ಕೂಡಿಸುವುದರಲ್ಲೇ ಕಸುಬೆಲ್ಲ ಇದೆ. ಕೊಡಗಿನ ಮೂರ್ನಾಡಿನ ಸುತ್ತಣ ತೋಟದ ಜೀಪನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ಅದನ್ನು ವಿವರಿಸಿದೆ.

ನೆಲ, ಮಳೆ, ಟೈರು

ಮೂರ್ನಾಡು ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ, ಮಡಿಕೇರಿಗೆ ಸುಮಾರು 15 ಕಿ.ಮೀ. ದೂರದಲ್ಲಿರುವ ಪೇಟೆ. ಇಲ್ಲಿಂದ ಒಂದು ರಸ್ತೆ ನಾಪೋಕ್ಲಿನ ಕಡೆಗೆ ಹೊರಳುತ್ತದೆ. ವಿರಾಜಪೇಟೆಯ ದಾರಿ ಬೇತ್ರಿಯಲ್ಲಿ ಕಾವೇರಿಯನ್ನು ದಾಟುತ್ತದೆ. ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಕಾಫಿ ಮೂಟೆ, ಗೊಬ್ಬರ, ಸುಣ್ಣ, ಮೈಲುತುತ್ತ, ಕೆಲಸದ ಆಳು ಎಲ್ಲವೂ ಚಕ್ರದ ಮೇಲೆಯೇ ಓಡಾಡಬೇಕು. ಡಾಂಬರು ರಸ್ತೆಯಲ್ಲಿ ಇದಕ್ಕೆ ಯಾವ ಗಾಡಿಯಾದರೂ ಸರಿ. ತೋಟದ ಗೇಟು ದಾಟಿ ಕೊಲ್ಲಿಗೆ (ಹಳ್ಳದ ತಗ್ಗಿಗೆ) ಇಳಿದು, ಆಳುಗಳ ಲೈನ್ ಮನೆ ಹಾದು ಬಾಣೆಯ ಗುಡ್ಡ ಹತ್ತುವ ಕೆಂಪು ಮಣ್ಣಿನ ದಾರಿಗೆ ಬಂದಾಗ ಮಾತ್ರ ಜೀಪು ಬೇಕಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ತೋಟದ ದಾರಿ ಸಾಬೂನು ಸವರಿದ ಹಾಗಿರುತ್ತದೆ.

ಅಂಥ ಕಡೆ ಹಳೆಯ ಚಾಲಕರು ಮಾಡುವ ಮೊದಲ ಕೆಲಸ ಟೈರಿನ ಗಾಳಿ ಇಳಿಸುವುದು. ಸರಿಸುಮಾರು 1,500 ಕೆ.ಜಿ. ತೂಗುವ ಜೀಪಿನ ಒಂದೊಂದು ಚಕ್ರದ ಮೇಲೆ 375 ಕೆ.ಜಿ. ಬಿದ್ದಿರುತ್ತದೆ. ಟೈರಿನಲ್ಲಿ 30 ಪಾಯಿಂಟ್ ಗಾಳಿಯಿದ್ದರೆ (ಪಿಎಸ್‌ಐ ಎನ್ನುವುದನ್ನು ಪಂಕ್ಚರ್ ಅಂಗಡಿಯಲ್ಲಿ ಪಾಯಿಂಟ್ ಎಂದೇ ಹೇಳುವುದು) ಆ ಭಾರವನ್ನು ಹೊರಲು ನೆಲಕ್ಕೆ ತಾಗುವ ಟೈರು ಸುಮಾರು 180 ಚದರ ಸೆಂ.ಮೀ. ಸಾಕು. 15 ಪಾಯಿಂಟಿಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ರಬ್ಬರಿನ ಸ್ವಂತ ಬಿಗುವನ್ನು ಲೆಕ್ಕಕ್ಕೆ ತಂದರೆ ಅಂಕಿ ಸ್ವಲ್ಪ ಬದಲಾದೀತು, ತತ್ತ್ವ ಬದಲಾಗದು. ಮೆತ್ತಗಾದ ಟೈರು ಬೇರು, ಕಲ್ಲುಗಳನ್ನು ಅಪ್ಪಿಕೊಂಡು ಹತ್ತುತ್ತದೆ, ಕೆಸರಿನಲ್ಲಿ ಹೂಳುವುದು ತಡವಾಗುತ್ತದೆ. ಆದರೆ ಅದೇ ಟೈರಿನಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಅದರ ಮೈ ಬಿಸಿಯಾಗಿ ಸೀಳುತ್ತದೆ. ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಳ್ಳಲೂಬಹುದು. ಇಳಿಸಿದ್ದನ್ನು ಮತ್ತೆ ತುಂಬಲೇಬೇಕು. ಮೂರ್ನಾಡಿಗೋ ನಾಪೋಕ್ಲಿಗೋ ಬಂದರೆ ಗಾಳಿ ಹಾಕುವ ಅಂಗಡಿ ಸಿಕ್ಕೀತು. ಅಲ್ಲಿಯವರೆಗಿನ ಡಾಂಬರನ್ನು ಮೆತ್ತನೆ ಟೈರಿನಲ್ಲೇ ಕಳೆಯಬೇಕಲ್ಲ, ಅಲ್ಲಿದೆ ತೊಡಕು. ಹೀಗಾಗಿ ಗಾಳಿ ತುಂಬುವ ದಾರಿ ಇಲ್ಲದವರು ಇಳಿಸುವ ಗೋಜಿಗೇ ಹೋಗದೆ, ಗಟ್ಟಿ ಟೈರಿನಲ್ಲಿ ದಾರಿಯನ್ನೇ ಉತ್ತು ಹಾಕುತ್ತಾರೆ.

ತುಂಬಬೇಕಾದ ಗಾಳಿಯ ಲೆಕ್ಕ ಹೀಗೆ. 235/75 ಆರ್15 ಅಳತೆಯ ಟೈರಿನ ಹೊಟ್ಟೆ ಸುಮಾರು 55 ಲೀಟರ್. ಅದನ್ನು 15ರಿಂದ 30 ಪಾಯಿಂಟಿಗೆ ಏರಿಸಲು ಹೊರಗಿನ ಗಾಳಿ ಸುಮಾರು ಇನ್ನೊಂದು 55 ಲೀಟರ್ ಒಳಹೋಗಬೇಕು. ನಾಲ್ಕು ಟೈರಿಗೆ 220 ಲೀಟರ್. ಕಾಲು ಪಂಪು ಒಂದು ತುಳಿತಕ್ಕೆ ಕಾಲು ಲೀಟರ್ ಕೊಡುತ್ತದೆಂದರೂ 880 ತುಳಿತ, ಅದೂ ಮಳೆಯಲ್ಲಿ, ಜಿಗಣೆಯ ನಡುವೆ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಪುಟ್ಟ ಪಂಪು ನಿಮಿಷಕ್ಕೆ 30 ಲೀಟರ್ ಕೊಟ್ಟರೆ ಏಳೆಂಟು ನಿಮಿಷ ಎನ್ನಬಹುದು; ಒತ್ತಡ ಏರಿದಂತೆ ಅದರ ಉಸಿರು ಕಟ್ಟಿ, ನಡುನಡುವೆ ಆರಿಸಿ, ನಿಜದಲ್ಲಿ ಕಾಲು ಗಂಟೆ ದಾಟುತ್ತದೆ. ಏಸಿ ಕಂಪ್ರೆಸರ್ ಒಂದು ಸುತ್ತಿಗೆ 155 ಸಿಸಿ ಎಳೆಯುವಂಥದ್ದಾಗಿ, ನಿಮಿಷಕ್ಕೆ 1,500 ಸುತ್ತು ತಿರುಗಿ, ಅದರಲ್ಲಿ ಶೇ 60ರಷ್ಟು ಫಲ ಕೊಟ್ಟರೂ ನಿಮಿಷಕ್ಕೆ 140 ಲೀಟರ್. ಎರಡು ನಿಮಿಷದೊಳಗಿನ ಮಾತು. ಪೈಪು ಹಿಡಿದು ನಾಲ್ಕು ಚಕ್ರ ಸುತ್ತುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಷ್ಟು ಗಾಳಿಯನ್ನು ಸಲಕರಣೆ ನಡೆಸಲು ಬೇಕಾದ ಏಳು ಬಾರ್ ಒತ್ತಡಕ್ಕೆ ಏರಿಸಲು ಒಂದು ಕಿಲೋವಾಟಿಗೂ ಹೆಚ್ಚು ಶಕ್ತಿ ತಗಲುತ್ತದೆ. ಬ್ಯಾಟರಿಯಿಂದ ಅಷ್ಟು ತೆಗೆಯುವುದೆಂದರೆ 12 ವೋಲ್ಟಿನಲ್ಲಿ 100 ಆಂಪಿಯರಿನ ಆಸುಪಾಸು. ಹಳೆಯ ಜೀಪಿನ ಆಲ್ಟರ್ನೇಟರಿಗೆ ಅದು ಆಗದ ಮಾತು. ಎಂಜಿನ್ನಿಗೆ ಅದು ಲೆಕ್ಕಕ್ಕೇ ಇಲ್ಲ. ಬೆಲ್ಟು ಹಾಕಿ ಎಂಜಿನ್ನಿನಿಂದಲೇ ತಿರುಗಿಸುವ ಉಪಾಯ ಇಲ್ಲಿಂದ ಹುಟ್ಟಿದೆ.

ಹಿಂದಿನ ಬಗೆಗಳು

ಗಾಡಿಯ ಮೇಲೆಯೇ ಗಾಳಿ ಒತ್ತಿಟ್ಟುಕೊಳ್ಳುವ ಕ್ರಮ ಡನ್‌ಲಪ್ಪಿನ ಗಾಳಿ ಟೈರಿಗಿಂತ ಹಳೆಯದು. ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿನ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದದ್ದು 1869ರಲ್ಲಿ. ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ನೀರು ನೆಲ ಎರಡರಲ್ಲೂ ಓಡುತ್ತಿದ್ದ ಅಮೆರಿಕದ ಡಕ್ ಲಾರಿಯಲ್ಲಿ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿ ಏರಿಸಿ ಇಳಿಸುತ್ತಿದ್ದ. ಮರಳ ದಂಡೆಗೆ ಇಳಿಸುವುದು, ರಸ್ತೆಗೆ ಬಂದೊಡನೆ ಏರಿಸುವುದು: ತೋಟದ ಜೀಪಿಗೆ ಬೇಕಾದದ್ದೂ ಇಷ್ಟೇ. ಪೆಟ್ರೋಲ್ ಎಂಜಿನ್ನಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ತಿರುಗಿಸಿ ಕೂರಿಸುವ ಪಂಪುಗಳೂ ಒಂದು ಕಾಲಕ್ಕೆ ಚಾಲ್ತಿಯಲ್ಲಿದ್ದವು. ಎಂಜಿನ್ ಮಿಕ್ಕ ಮೂರು ಸಿಲಿಂಡರಿನಲ್ಲಿ ಕುಂಟುತ್ತ ಓಡುವಾಗ ನಾಲ್ಕನೆಯದು ಗಾಳಿ ಒತ್ತುತ್ತಿತ್ತು. ಡೀಸೆಲ್ ಜೀಪು ಬಂದ ಮೇಲೆ ಆ ದಾರಿ ಮುಚ್ಚಿತು.

ನಮ್ಮಲ್ಲಿ ಇದನ್ನು ನಿತ್ಯ ಮಾಡಿ ತೋರಿಸಿದವರು ಲಾರಿಯವರು. ಗಾಳಿ ಬ್ರೇಕಿನ ಲಾರಿಗೆ ಕಂಪ್ರೆಸರೂ ಟ್ಯಾಂಕೂ ಹುಟ್ಟಿನಿಂದಲೇ ಇರುತ್ತವೆ. ಒತ್ತಡ ತುಂಬಿದಾಗ ಹೆಚ್ಚಿನದನ್ನು ಬುಸ್ಸೆಂದು ಹೊರಬಿಡುವ ಅನ್‌ಲೋಡರ್ ವಾಲ್ವಿನ ಮೇಲೆ ಹಲವು ಮಾದರಿಗಳಲ್ಲಿ ಟೈರಿಗೆ ಗಾಳಿ ತುಂಬುವ ಮೂತಿಯನ್ನೇ ಕೊಟ್ಟಿರುತ್ತಾರೆ. ಘಾಟಿಯಲ್ಲಿ ಲಾರಿ ನಿಲ್ಲಿಸಿ ತನ್ನ ಟೈರಿಗೆ ತಾನೇ ಗಾಳಿ ಹಾಕಿಕೊಳ್ಳುವ ಚಾಲಕನನ್ನು ಕಂಡ ಜೀಪಿನವನಿಗೆ ನನಗೂ ಒಂದಿರಲಿ ಎನ್ನಿಸಿದರೆ ಆಶ್ಚರ್ಯವಿಲ್ಲ.

ಜೀಪಿನ ವಂಶಾವಳಿಯನ್ನೂ ಇಷ್ಟು ಹೇಳಬೇಕು, ಏಕೆಂದರೆ ಯಾವ ಕಂಪ್ರೆಸರ್ ಎಲ್ಲಿ ಕೂರುತ್ತದೆ ಎನ್ನುವುದು ಅದನ್ನು ಅವಲಂಬಿಸಿದೆ. 1945ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಹೆಸರಿನಲ್ಲಿ ಹುಟ್ಟಿದ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದಿನ ಆರೇಳು ದಶಕ ಅದೇ ಆಕಾರ ಬೇರೆ ಬೇರೆ ಎಂಜಿನ್ ಹೊತ್ತು ಬಂತು. ನಿಸಾನ್ ಪಿ60 ಮಾದರಿಯಿಂದ ಜಬಲ್‌ಪುರದಲ್ಲಿ ಸೈನ್ಯಕ್ಕೆಂದು ತಯಾರಾದ ಜೋಂಗಾ, 1985ರ ಕೊನೆಗೆ ಬಂದ ಮಾರುತಿ ಜಿಪ್ಸಿ, 2010ರ ಮಹೀಂದ್ರ ಥಾರ್ ಈ ಸಾಲಿನ ಉಳಿದ ಹೆಸರುಗಳು. ಇವುಗಳಲ್ಲಿ ಬಹುಪಾಲು ಏಸಿ ಇಲ್ಲದೆ ಹುಟ್ಟಿದವು. ಬಾನೆಟ್ಟಿನ ಕೆಳಗೆ ಏಸಿಯ ಜಾಗ ಖಾಲಿ ಇದೆ ಎನ್ನುವುದೇ ಈ ಕಥೆಯ ಅರ್ಧ ಅನುಕೂಲ. ಕೊಡಗಿನ ಹವೆಯಲ್ಲಿ ಆ ಜಾಗಕ್ಕೆ ತಂಪು ಯಂತ್ರ ಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ.

ಗುಜರಿಯಲ್ಲಿ ಆರಿಸುವುದು

ಬೆಂಗಳೂರಿನ ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ ಇಂಥ ಮಾಲಿಗೆ ಹೆಸರಾದ ಜಾಗಗಳು. ಅಲ್ಲಿ ರಾಶಿ ಬಿದ್ದಿರುವ ಎಲ್ಲ ಏಸಿ ಕಂಪ್ರೆಸರೂ ಗಾಳಿಗೆ ಒದಗುವುದಿಲ್ಲ.

ಒಳಗೆ ಓರೆಯಾದ ತಟ್ಟೆಯೊಂದು ತಿರುಗುತ್ತ ಐದೋ ಏಳೋ ಪುಟ್ಟ ಪಿಸ್ಟನ್ನುಗಳನ್ನು ಹಿಂದೆ ಮುಂದೆ ದೂಡುವ ಬಗೆ ಹೆಚ್ಚು ಸಿಗುವಂಥದ್ದು. ಸ್ಯಾಂಡೆನ್ ಕಂಪನಿಯ ಎಸ್‌ಡಿ-508 (138 ಸಿಸಿ), ಏಳು ಪಿಸ್ಟನ್ನಿನ 7ಎಚ್15 (155 ಸಿಸಿ) ಈ ಜಾತಿಯವು. ಇವುಗಳ ತಲೆಯ ಮೇಲೆ ಎಳೆಯುವ ಬಾಯಿಗೆ ಎಸ್, ಉಗುಳುವ ಬಾಯಿಗೆ ಡಿ ಎಂದು ಅಚ್ಚೊತ್ತಿರುತ್ತದೆ. ಅದಲುಬದಲು ಮಾಡಿ ಪೈಪು ಹಾಕಿ ಗಾಳಿ ಬರುತ್ತಿಲ್ಲವೆಂದು ಕಂಪ್ರೆಸರನ್ನು ದೂರಿದವರುಂಟು. ಎರಡು ಸಿಲಿಂಡರಿನ, ತನ್ನದೇ ಎಣ್ಣೆ ತೊಟ್ಟಿಯಿರುವ ಯಾರ್ಕ್ ಕಂಪ್ರೆಸರ್ ಅಮೆರಿಕದ ಜೀಪಿಗರಿಗೆ ಪ್ರಿಯ, ಮುಂದೆ ಹೇಳುವ ಎಣ್ಣೆಯ ಕಾಟ ಅದಕ್ಕೆ ಕಡಿಮೆ. ನಮ್ಮ ಕಡೆಯ ಗುಜರಿಯಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ. ಈಚಿನ ಕಾರುಗಳಲ್ಲಿರುವ, ಕ್ಲಚ್ಚಿಲ್ಲದೆ (ಪುಲ್ಲಿಯನ್ನು ಕಂಪ್ರೆಸರಿಗೆ ಬೇಕೆಂದಾಗ ಜೋಡಿಸುವ ವಿದ್ಯುತ್ ಹಿಡಿತವಿಲ್ಲದೆ) ಸದಾ ತಿರುಗುತ್ತ ಅನಿಲದ ಒತ್ತಡ ನೋಡಿ ತನ್ನ ಎಳೆತವನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಕಂಪ್ರೆಸರನ್ನು ಮುಟ್ಟದಿರುವುದು ಲೇಸು. ಬಯಲ ಗಾಳಿಯಲ್ಲಿ ಆ ಏರ್ಪಾಡಿಗೆ ದಿಕ್ಕು ತಪ್ಪುತ್ತದೆ. ಪೂರ್ಣ ಹೈಬ್ರಿಡ್ ಕಾರಿನದು ನೂರಾರು ವೋಲ್ಟಿನ ವಿದ್ಯುತ್ತಿನಲ್ಲಿ ನಡೆಯುವಂಥದ್ದು, ಅದಂತೂ ಬೇಡವೇ ಬೇಡ. ಸ್ಪ್ರೇ ಪೇಂಟಿಂಗಿಗೂ ಸೈಕಲ್ ಟ್ಯೂಬಿಗೂ ಬಳಸುವ ಹಳೆಯ ಫ್ರಿಜ್ಜಿನ ಕಂಪ್ರೆಸರಿಗೆ ಮನೆಯ ಕರೆಂಟು ಬೇಕು, ಗಾಳಿಯೂ ಅಲ್ಪ.

ಲಾರಿಯ ಬ್ರೇಕ್ ಕಂಪ್ರೆಸರ್ ಬೇರೆಯೇ ವರ್ಗ. ಅದು ಗಾಳಿಗೆಂದೇ ಹುಟ್ಟಿದ್ದು, ದಿನವಿಡೀ ಓಡಲು ಸಿದ್ಧ. ಆದರೆ ಅದರ ಎಣ್ಣೆ ಎಂಜಿನ್ನಿನಿಂದಲೇ ಬಂದು ಎಂಜಿನ್ನಿಗೇ ಮರಳಬೇಕು. ಮರಳುವ ಕೊಳವೆಗೆ ಎಂಜಿನ್ನಿನ ಕೆಳತೊಟ್ಟಿಯಲ್ಲಿ ತೂತು ಕೊರೆಯಬೇಕಾಗುತ್ತದೆ. ಭಾರ ಹೆಚ್ಚು, ಕ್ಲಚ್ಚಿಲ್ಲ. ಜಾಗ ಧಾರಾಳವಿರುವ ಜೋಂಗಾದಂಥ ಗಾಡಿಗೆ ಅದು ಹೊಂದೀತು, ಚಿಕ್ಕ ಜೀಪಿಗೆ ಹೊರೆ.

ಆರಿಸುವಾಗ ಮುಂದಿನ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಎಲ್ಲೂ ಕಚ್ಚದೆ, ಆದರೆ ಒಂದಿಷ್ಟು ತಡೆ ಕೊಡುತ್ತ ತಿರುಗಬೇಕು. ಡಿ ಬಾಯಿಗೆ ಹೆಬ್ಬೆಟ್ಟು ಒತ್ತಿ ತಿರುಗಿಸಿದರೆ ಗಾಳಿ ಬೆರಳನ್ನು ದೂಡಬೇಕು. ಬ್ಯಾಟರಿಯ ತಂತಿ ತಾಗಿಸಿದೊಡನೆ ಕ್ಲಚ್ಚು ಟಕ್ಕೆಂದು ಕೂರಬೇಕು. ಕೊನೆಯದಾಗಿ ಬೋರಲು ಹಾಕಿ ಒಂದಿಷ್ಟು ಎಣ್ಣೆ ಸುರಿಸಿ ನೋಡುವುದು: ಬೂದಿ ಬಣ್ಣವಿದ್ದು ಬಿಸಿಲಿಗೆ ಮಿನುಗಿದರೆ ಒಳಗಿನ ಲೋಹ ಸವೆದು ಪುಡಿಯಾಗಿದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬಾರದು.

ಗಾಡಿಯಲ್ಲಿನ್ನೂ ಕೂತಿರುವ ಕಂಪ್ರೆಸರನ್ನು ಬಿಚ್ಚಿಸುವುದಾದರೆ ಗ್ಯಾಸಿನ ಮಾತು ಬರುತ್ತದೆ. ಪೈಪು ಸಡಿಲಿಸಿ ಬಿಟ್ಟುಬಿಡುವುದು ರೂಢಿಯಾಗಿದೆ, ಅದು ತಪ್ಪು. ಕಾರಿನ ಏಸಿಯ ಆರ್-134ಎ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಇನ್ನೂ ಹಳೆಯ ಕಾರಿನ ಆರ್-12 ಓಜೋನ್ ಪದರಕ್ಕೇ ಕುತ್ತು. ಹಾರುವ ಅನಿಲ ಬೆರಳಿಗೆ ತಾಗಿದರೆ ಚರ್ಮ ಹಿಮಗಟ್ಟಿ ಸುಡುತ್ತದೆ. ಏಸಿ ರಿಪೇರಿಯವರಲ್ಲಿ ಅನಿಲವನ್ನು ಹೀರಿ ಸಿಲಿಂಡರಿಗೆ ತುಂಬುವ ಯಂತ್ರವಿರುತ್ತದೆ, ಅಲ್ಲಿ ತೆಗೆಸುವುದು ಸರಿ.

ಕೂರಿಸುವುದು

ಬ್ರಾಕೆಟ್ಟನ್ನು ಹೊಸದಾಗಿ ಕತ್ತರಿಸಿ ವೆಲ್ಡ್ ಮಾಡಿಸುವುದಕ್ಕೆ ಮೊದಲು ಅದೇ ಬಳಗದ ಎಂಜಿನ್ನಿರುವ ಏಸಿ ಕಾರು ಯಾವುದೆಂದು ಹುಡುಕಬೇಕು. 1,298 ಸಿಸಿಯ ಜಿಪ್ಸಿ ಕಿಂಗಿನ ಎಂಜಿನ್ ಮಾರುತಿ ಎಸ್ಟೀಮಿನದರ ಬಳಗ. ಎಸ್ಟೀಮಿಗೆ ಏಸಿ ಇತ್ತು. 2010ರ ಥಾರ್ ಡಿಐ ಮಾದರಿಯ 2,523 ಸಿಸಿ ಡೀಸೆಲ್ ಎಂಜಿನ್ ಬೊಲೆರೊ ಬಳಗದ್ದು. ಏಸಿಯಿರುವ ಬೊಲೆರೊ ಗುಜರಿಯಲ್ಲಿ ಬೇಕಾದಷ್ಟಿವೆ. ಇಂಥ ಕಡೆ ಬ್ರಾಕೆಟ್ಟು, ಬಿಗಿ ಪುಲ್ಲಿ, ಕಂಪ್ರೆಸರ್ ಮೂರನ್ನೂ ಒಟ್ಟಿಗೆ ಬಿಚ್ಚಿ ತಂದರೆ ಮುಕ್ಕಾಲು ಕೆಲಸ ಮುಗಿದಂತೆ. ಹೊಂದದ ಕಡೆ 8ರಿಂದ 10 ಮಿ.ಮೀ. ದಪ್ಪದ ಉಕ್ಕಿನ ತಟ್ಟೆಯಲ್ಲಿ ಮಾಡಿಸಿ, ಎಂಜಿನ್ನಿನ ಮೈಗೇ ಬೋಲ್ಟು ಹಾಕಬೇಕು. ಬಾಡಿಗೋ ಛಾಸಿಗೋ ಕಟ್ಟಿದರೆ ರಬ್ಬರ್ ಮೌಂಟಿನ ಮೇಲೆ ಎಂಜಿನ್ ಅಲುಗಿದಾಗಲೆಲ್ಲ ಬೆಲ್ಟು ಒಮ್ಮೆ ಬಿಗಿದು ಒಮ್ಮೆ ಸಡಿಲಿ ಹಾರಿಹೋಗುತ್ತದೆ.

ಎರಡು ಪುಲ್ಲಿಗಳೂ ಒಂದೇ ಗೆರೆಯಲ್ಲಿರಬೇಕು. ನೇರವಾದ ಪಟ್ಟಿಯೊಂದನ್ನು ಎರಡಕ್ಕೂ ಒರಗಿಸಿ ನೋಡಿದರೆ ತಿಳಿಯುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ಎಂಜಿನ್ನಿನ ಮೂಲ ಬೆಲ್ಟಿನ ದಾರಿಯಲ್ಲೇ ಕಂಪ್ರೆಸರನ್ನು ಸಿಕ್ಕಿಸುವುದು ಸುಲಭ ಎನಿಸುತ್ತದೆ. ಆದರೆ ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುವುದು ಆ ಬೆಲ್ಟೇ. ಹಲವು ಡೀಸೆಲ್ ಜೀಪುಗಳಲ್ಲಿ ಬ್ರೇಕ್ ಬೂಸ್ಟರಿಗೆ ನಿರ್ವಾತ ಕೊಡುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಗುಜರಿಯ ಕಂಪ್ರೆಸರ್ ಜಾಮಾಗಿ ಬೆಲ್ಟು ಕಿತ್ತರೆ ಎಂಜಿನ್ ಬಿಸಿಯಾಗುವುದು ಆಮೇಲಿನ ಮಾತು. ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಕಲ್ಲಾಗಿರುತ್ತದೆ. ಕಂಪ್ರೆಸರಿಗೆ ಬೇರೆಯೇ ಬೆಲ್ಟು, ಕ್ರ್ಯಾಂಕ್ ಪುಲ್ಲಿಯಲ್ಲಿ ಬೇರೆಯೇ ತೋಡು ಇರಲೇಬೇಕು.

ಕ್ಲಚ್ಚಿಗೆ ಬೇಕಾದ ಕರೆಂಟು ಮೂರ್ನಾಲ್ಕು ಆಂಪಿಯರ್ ಮಾತ್ರ. ಫ್ಯೂಸು, ರಿಲೇ, ಡ್ಯಾಶ್‌ಬೋರ್ಡಿನಲ್ಲೊಂದು ಸ್ವಿಚ್ಚು, ಅದರೊಂದಿಗೆ ಸಾಲಾಗಿ ಪ್ರೆಷರ್ ಸ್ವಿಚ್ಚು. ಇದು 90 ಪಾಯಿಂಟಿಗೆ ಇಳಿದಾಗ ಹೊತ್ತಿಸಿ 120ಕ್ಕೆ ಆರಿಸುವಂಥದ್ದಿದ್ದರೆ ಸಾಕು. ಸೈನ್ಯದಿಂದ ಬಂದ ಗಾಡಿ 24 ವೋಲ್ಟಿನದಾಗಿರಬಹುದು, ತೀರ ಹಳೆಯ ವಿಲ್ಲಿಸ್ 6 ವೋಲ್ಟಿನದು. ಕಾರಿನ ಕ್ಲಚ್ಚು 12 ವೋಲ್ಟಿಗೆ ಮಾತ್ರ. ಗಾಳಿ ಹಾಕುವಾಗ ಎಂಜಿನ್ನನ್ನು 1,500 ಸುತ್ತಿನ ಆಸುಪಾಸಿನಲ್ಲಿ ನಿಲ್ಲಿಸಲು ಹಳೆಯ ಜೀಪಿನ ಕೈ ಆಕ್ಸಲರೇಟರ್ ಬಹಳ ಅನುಕೂಲ. ಈಗಿನ ಗಾಡಿಗಳಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಯಾಕೆ ತೆಗೆದರೋ ಎನ್ನಿಸುವಷ್ಟು ಉಪಯೋಗಿ ಸಾಧನ ಅದು.

ಎಣ್ಣೆ

ಏಸಿ ಕಂಪ್ರೆಸರಿಗೆ ಎಂಜಿನ್ನಿನಂತೆ ಎಣ್ಣೆ ಪಂಪು ಇಲ್ಲ. ಒಳಗಿರುವ ಅಲ್ಪ ಎಣ್ಣೆ ತಂಪು ಅನಿಲದಲ್ಲಿ ಬೆರೆತು, ಕೊಳವೆ ಸುತ್ತಿ, ಎಳೆಯುವ ಬಾಯಿಂದ ಮತ್ತೆ ಒಳಬಂದು ಬೇರಿಂಗುಗಳನ್ನು ತೋಯಿಸುತ್ತದೆ. ಬಯಲ ಗಾಳಿ ಎಳೆಯತೊಡಗಿದರೆ ಹೋದ ಎಣ್ಣೆ ಹೋದದ್ದೇ. ಟೈರಿನೊಳಗೆ ಸೇರುತ್ತದೆ, ಮರಳುವುದಿಲ್ಲ. ಎಣ್ಣೆಯಿಲ್ಲದೆ ಓಡಿದ ಕಂಪ್ರೆಸರ್ ಮೊದಲು ಕಿರುಗುಟ್ಟುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ.

ಹುಟ್ಟಿನಿಂದ ಅದರಲ್ಲಿರುವ ಪಿಎಜಿ ಎಣ್ಣೆಯನ್ನು ಪೂರ್ತಿ ಸುರಿದುಬಿಡಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿ, ಆಷಾಢದ ಕೊಡಗಿನಲ್ಲಂತೂ ನೀರು ಕುಡಿದು ಕೆಡುತ್ತದೆ. ಬದಲಿಗೆ ಗಾಳಿ ಕಂಪ್ರೆಸರಿಗೆಂದು ಮಾರುವ ಖನಿಜ ಎಣ್ಣೆ ಹಾಕುವುದು. ಎಳೆಯುವ ಬಾಯಿಯ ಮುಂದೆ ಹನಿಹನಿಯಾಗಿ ಎಣ್ಣೆ ಬಿಡುವ ಪುಟ್ಟ ಬಟ್ಟಲು ಇಡಬೇಕು. ಉಗುಳುವ ಕಡೆ ಎಣ್ಣೆಯ ಮಂಜನ್ನು ಹಿಡಿದು ಸೋಸುವ ಫಿಲ್ಟರ್ ಇಡಬೇಕು. ಹಾಗೆ ಹಿಡಿದದ್ದನ್ನು ಸಣ್ಣ ಕೊಳವೆಯಲ್ಲಿ ಎಳೆಯುವ ಬಾಯಿಗೇ ಮರಳಿಸುವ ಜಾಣರೂ ಇದ್ದಾರೆ. ಇಷ್ಟೆಲ್ಲ ಬೇಡ ಎನ್ನುವವರು ನಾಲ್ಕು ಟೈರು ತುಂಬುವ ಮುನ್ನ ಎಳೆಯುವ ಪೈಪಿಗೆ ಹತ್ತು ಹನಿ ಎಣ್ಣೆ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ವರ್ಷಕ್ಕೆ ಹತ್ತಿಪ್ಪತ್ತು ಸಲದ ಬಳಕೆಗೆ ಅದು ನಡೆಯುತ್ತದೆ, ಹನಿ ಬಿಡಲು ನೆನಪಿದ್ದರೆ.

ಬಿಸಿ, ನೀರು

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹೊರಗಿನ ಗಾಳಿಯನ್ನು ಒಂದೇ ಹಂತದಲ್ಲಿ ಎಂಟು ಪಟ್ಟು ಒತ್ತಡಕ್ಕೆ ಏರಿಸಿದರೆ ಲೆಕ್ಕದ ಪ್ರಕಾರ 250 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಲೋಹ ಬಿಸಿಯನ್ನು ಹೀರುವುದರಿಂದ ಅಷ್ಟು ಆಗುವುದಿಲ್ಲ, ಆದರೂ ರಬ್ಬರ್ ಪೈಪನ್ನು ಬೇಯಿಸುವಷ್ಟು ಆಗುತ್ತದೆ. ಉಗುಳುವ ಬಾಯಿಂದ ಮೊದಲ ಒಂದು ಮೀಟರಿನಷ್ಟು ದೂರ ತಾಮ್ರದ ಕೊಳವೆಯನ್ನೋ ಉಕ್ಕಿನ ಜಾಲರಿ ಹೆಣೆದ ಪೈಪನ್ನೋ ಬಳಸಬೇಕು. ಮನೆಯ ನಲ್ಲಿಯ ಪಿವಿಸಿ ಪೈಪು ಯಾವ ಕಾರಣಕ್ಕೂ ಕೂಡದು, ಅದು ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ. ಬಿಸಿ ಕೊಳವೆಯೊಳಗೆ ಎಣ್ಣೆ ಸುಟ್ಟು ಇದ್ದಿಲಿನ ಹೊಟ್ಟಾಗಿ ಕಟ್ಟಿಕೊಳ್ಳುತ್ತದೆ. ಗಾಳಿ, ಎಣ್ಣೆ, ಶಾಖ ಮೂರೂ ಕೂಡಿದ ಕಡೆ ಅದು ಹೊತ್ತಿಕೊಳ್ಳಲೂ ಸಾಕು. ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಇಂಥ ಕಂಪ್ರೆಸರಿನ ಗಾಳಿಯನ್ನು ಉಸಿರಾಟದ ಯಾವ ಸಾಧನಕ್ಕೂ ಬಳಸುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ನೀರಿನ ವಿಷಯದಲ್ಲಿ ಕೊಡಗು ಉಳಿದ ಊರುಗಳ ಹಾಗಲ್ಲ. 25 ಡಿಗ್ರಿಯ, ಶೇ 90 ತೇವದ ಮಳೆಗಾಲದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. ಅದನ್ನು ಎಂಟರಲ್ಲೊಂದು ಪಾಲಿಗೆ ಒತ್ತಿ ಮತ್ತೆ ತಣಿಸಿದರೆ ಮೂರು ಗ್ರಾಮಿನಷ್ಟು ಮಾತ್ರ ಆವಿಯಾಗಿ ಉಳಿದು, ಮಿಕ್ಕ 17 ಗ್ರಾಂ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಐದು ಸಲ ನಾಲ್ಕು ಟೈರು ತುಂಬಿದರೆ ಒಂದು ಘನ ಮೀಟರ್ ಗಾಳಿ ಹರಿದಿರುತ್ತದೆ. ಅಂದರೆ ಮೂರು ನಾಲ್ಕು ಚಮಚ ನೀರು. ಬಯಲುಸೀಮೆಯ ಬೇಸಗೆಯಲ್ಲಿ ಅಲ್ಪಸ್ವಲ್ಪ ನೀರು ಕಾಣುವ ಅದೇ ಟ್ಯಾಂಕು ಇಲ್ಲಿ ಒಂದು ಮಳೆಗಾಲ ಮರೆತರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಟ್ಯಾಂಕನ್ನು ತುಸು ವಾಲಿಸಿ ಕೂರಿಸಿ, ತಗ್ಗಿನ ಮೂಲೆಗೆ ನೀರು ಬಿಡುವ ನಲ್ಲಿ ಇಡಬೇಕು.

ಗಾಳಿ ಎಳೆಯುವ ಪೈಪಿನ ತುದಿಯನ್ನು ಡ್ಯಾಶ್‌ಬೋರ್ಡಿನ ಎತ್ತರಕ್ಕೆ ತರುವುದು ಇನ್ನೊಂದು ಅಗತ್ಯ. ಕೊಲ್ಲಿ ದಾಟುವಾಗ ಫಿಲ್ಟರ್ ಮುಳುಗಿದರೆ ಕಂಪ್ರೆಸರ್ ನೀರು ಎಳೆಯುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಕಂಪ್ರೆಸರಿನೊಳಗಿನ ವಾಲ್ವುಗಳು ಮುರಿಯುತ್ತವೆ.

ಟ್ಯಾಂಕು

ಟೈರಿಗೆ ಮಾತ್ರವಾದರೆ ಟ್ಯಾಂಕು ಬೇಕೆಂದೇನೂ ಇಲ್ಲ, ನೇರವಾಗಿ ತುಂಬಬಹುದು. ಟ್ಯಾಂಕು ಬೇಕಾಗುವುದು ಗಾಳಿಯ ಪಾನಾ ನಡೆಸಲು, ಮತ್ತು ರಿಮ್ಮಿನಿಂದ ಕಳಚಿದ ಟೈರನ್ನು ಒಂದೇ ಏಟಿಗೆ ಮರಳಿ ಕೂರಿಸಲು. ಲಾರಿಯ ಬ್ರೇಕ್ ಟ್ಯಾಂಕು ಇದಕ್ಕೆ ಹೇಳಿ ಮಾಡಿಸಿದ್ದು. ಅಡುಗೆ ಅನಿಲದ ಸಿಲಿಂಡರನ್ನೋ ಏಸಿ ಗ್ಯಾಸಿನ ಬಿಸಾಡುವ ಡಬ್ಬಿಯನ್ನೋ ಟ್ಯಾಂಕಾಗಿಸುವವರಿದ್ದಾರೆ; ಅದು ಕಾಲ ಕೆಳಗೆ ಬಾಂಬು ಇಟ್ಟುಕೊಂಡಂತೆ. ಹಳೆಯ ಟ್ಯಾಂಕು ತಂದಾಗ ಗಾಳಿ ತುಂಬಿ ಪರೀಕ್ಷಿಸಬಾರದು. ಬಾಯಿತನಕ ನೀರು ತುಂಬಿ, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ ನೋಡಬೇಕು. ನೀರಾದರೆ ಒಡೆದರೂ ಸೋರುತ್ತದೆ, ಸಿಡಿಯುವುದಿಲ್ಲ. ಕಂಪ್ರೆಸರಿಗೂ ಟ್ಯಾಂಕಿಗೂ ನಡುವೆ ಗಾಳಿ ಹಿಂದೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವು, ಟ್ಯಾಂಕಿನ ಮೇಲೆ 150 ಪಾಯಿಂಟಿಗೆ ಬಿಡುವ ಸೇಫ್ಟಿ ವಾಲ್ವು ಇರಬೇಕು. ಪ್ರೆಷರ್ ಸ್ವಿಚ್ಚು ಇದೆಯಲ್ಲ, ಸೇಫ್ಟಿ ವಾಲ್ವು ಯಾಕೆ ಎಂಬ ಪ್ರಶ್ನೆ ಗ್ಯಾರೇಜಿನಲ್ಲಿ ಬರುತ್ತದೆ. ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡ ದಿನ ಅದಕ್ಕೆ ಉತ್ತರ ಸಿಗುತ್ತದೆ.

ಬಳಕೆ, ಕಾನೂನು

ತೋಟದಲ್ಲಿ ಇದರ ಉಪಯೋಗ ಟೈರಿಗೆ ನಿಲ್ಲುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ, ಅದಾದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ ದಾರಿಯೆಲ್ಲ ಕೆಂಧೂಳು. ಜೀಪಿನ ಏರ್ ಫಿಲ್ಟರ್, ಮರ ಕೊಯ್ಯುವ ಗರಗಸ, ಕಳೆ ಕತ್ತರಿಸುವ ಯಂತ್ರ, ರೇಡಿಯೇಟರಿನ ಜಾಲರಿ ಇವನ್ನೆಲ್ಲ ಅಲ್ಲೇ ಊದಿ ಶುಚಿ ಮಾಡಬಹುದು. ಗೊಬ್ಬರ ಹೊತ್ತ ಟ್ರ್ಯಾಕ್ಟರಿನ ಟ್ರೈಲರ್ ಪಂಕ್ಚರಾದರೆ ಚಕ್ರ ಬಿಚ್ಚಿ ಪೇಟೆಗೆ ಹೊರುವ ಬದಲು ಜೀಪನ್ನೇ ಅಲ್ಲಿಗೆ ಒಯ್ಯಬಹುದು. ಮಡಿಕೇರಿಯ ಆಚೆಗೆ ಪ್ರವಾಸಿಗರನ್ನು ಮಾಂದಲಪಟ್ಟಿಗೆ ಹತ್ತಿಸುವ ಬಾಡಿಗೆ ಜೀಪುಗಳಂಥವಕ್ಕೆ ದಿನಕ್ಕೆ ಹಲವು ಸಲ ಕಲ್ಲುದಾರಿ, ಹಲವು ಸಲ ಡಾಂಬರು; ಈ ಏರ್ಪಾಡಿನಿಂದ ಹೆಚ್ಚು ಲಾಭವಿರುವುದು ಅಂಥ ಗಾಡಿಗೇ. ಆಸ್ಟ್ರೇಲಿಯದ ಎಆರ್‌ಬಿ ಕಂಪನಿಯ ಏರ್ ಲಾಕರಿನಂತೆ ಗಾಳಿಯಿಂದ ಡಿಫರೆನ್ಷಿಯಲನ್ನು ಬಂಧಿಸುವ ಸಾಧನಕ್ಕೂ ಇದೇ ಗಾಳಿ ನಡೆಯುತ್ತದೆ, ಎಣ್ಣೆ ಚೆನ್ನಾಗಿ ಸೋಸಿದ್ದರೆ. ಏರ್ ಹಾರನ್ನಿನ ಚಪಲ ಕೆಲವರಿಗೆ ಬರುತ್ತದೆ. ಬಹುಸ್ವರದ, ಕರ್ಕಶ ಹಾರನ್ನುಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ನಿಷೇಧಿಸಿದೆ. ಕಾನೂನು ಇರದಿದ್ದರೂ ಆನೆ ಓಡಾಡುವ ತೋಟದ ದಾರಿಯಲ್ಲಿ ಅದು ಬೇಡ.

ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು ಎಂಬುದು ಅದರ ಸಾರ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದು, ಬಾಡಿ ಕತ್ತರಿಸುವುದು ನೇರವಾಗಿ ಇದರಡಿ ಬರುತ್ತವೆ. ಬೋಲ್ಟು ಬಿಚ್ಚಿದರೆ ಗಾಡಿ ಮೊದಲಿನಂತಾಗುವ ಹಾಗೆ ಕಂಪ್ರೆಸರನ್ನು ಕೂರಿಸಿ, ಛಾಸಿಗೆ ವೆಲ್ಡಿಂಗ್ ಮುಟ್ಟಿಸದಿರುವುದು ವಿವೇಕದ ದಾರಿ.

ಎಲ್ಲರಿಗೂ ಇದು ಬೇಕೇ ಎಂದರೆ ಬೇಡ. ವರ್ಷಕ್ಕೆ ನಾಲ್ಕು ಸಲ ಕೆಸರಿಗೆ ಇಳಿಯುವವರಿಗೆ ಬ್ಯಾಟರಿಗೆ ನೇರ ಕ್ಲಿಪ್ ಹಾಕುವ, 30 ಆಂಪಿಯರಿನ ಅವಳಿ ಸಿಲಿಂಡರ್ ವಿದ್ಯುತ್ ಪಂಪು ಸಾಕು. ಎಣ್ಣೆಯ ರಗಳೆ ಇಲ್ಲ, ಒಂದು ಗಾಡಿಯಿಂದ ಇನ್ನೊಂದಕ್ಕೆ ಒಯ್ಯಬಹುದು. ಗುಜರಿ ಕಂಪ್ರೆಸರಿನ ದುಡ್ಡು ಉಳಿದೀತೆಂಬ ಎಣಿಕೆಯೂ ಬ್ರಾಕೆಟ್ಟು, ಲೇತು, ಪೈಪು, ವಾಲ್ವುಗಳ ಬಿಲ್ಲು ಕೂಡಿಸಿದಾಗ ಕರಗುತ್ತದೆ. ಇದು ಸಲ್ಲುವುದು ದಿನವೂ ಗಾಳಿ ಬೇಕಾದ, ಐದಾರು ಗಾಡಿಗಳಿರುವ ತೋಟದವರಿಗೆ, ಬಾಡಿಗೆ ಜೀಪಿನವರಿಗೆ, ಕೈ ಮಸಿ ಮಾಡಿಕೊಳ್ಳುವುದರಲ್ಲೇ ಸುಖ ಕಾಣುವವರಿಗೆ. 2020ರ ಹೊಸ ಥಾರ್, 2023ರ ಜಿಮ್ನಿಗಳಲ್ಲಿ ಏಸಿಯ ಜಾಗದಲ್ಲಿ ಏಸಿಯೇ ಕೂತಿದೆ. ಬಾನೆಟ್ ಎತ್ತಿದರೆ ಇನ್ನೊಂದು ಪುಲ್ಲಿಗೆ ಬೆರಳಗಲ ಎಡೆಯಿಲ್ಲ. ಅವುಗಳ ಮಾಲೀಕರು ವಿದ್ಯುತ್ ಪಂಪಿಗೇ ಹೋಗುತ್ತಾರೆ. ಬೆಲ್ಟಿನ ಕಂಪ್ರೆಸರಿಗೆ ಈಗ ಉಳಿದಿರುವುದು ಹಳೆಯ ಮಹೀಂದ್ರ, ಜಿಪ್ಸಿ, ಜೋಂಗಾಗಳ ಬಾನೆಟ್ಟಿನಡಿಯ ಖಾಲಿ ಜಾಗ.